ಹತ್ತು ಲಕ್ಷ ತಗೊಂಡು ಸಹಿ ಹಾಕು ಅಂತಿದ್ದಾರೆ, ಹಾಕಲೇ?

ಪ್ರಶ್ನೆ: ನನಗೆ 38 ವರ್ಷ. ಮದುವೆಯಾಗಿ 14 ವರ್ಷ, ಮಗಳಿಗೆ 11. ಗಂಡನ ಮನೆ ಶಿರಸಿ ಹತ್ತಿರದ ಹಳ್ಳಿ. ಒಂದೂವರೆ ವರ್ಷದಿಂದ ಮಗಳ ಜೊತೆ ಕುಮಟಾದ ತವರಿನಲ್ಲಿದ್ದೇನೆ. ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತೇನೆ, ಸಂಬಳ 22 ಸಾವಿರ. ಗಂಡನ ಮನೆಯಲ್ಲಿ ಎರಡು ಎಕರೆ ಅಡಿಕೆ ತೋಟ ಇದೆ, ಪಹಣಿ ಮಾವನ ಹೆಸರಲ್ಲಿದೆ. ಪಕ್ಕದ ಅತಿಕ್ರಮಣ ಜಾಗದಲ್ಲೂ ಒಂದಿಷ್ಟು ಹೊಸ ತೋಟ ಮಾಡಿದ್ದಾರೆ. 2016ರಲ್ಲಿ ಶಿರಸಿ ಪೇಟೆಯಲ್ಲಿ 8 ಲಕ್ಷಕ್ಕೆ ಒಂದು ಸೈಟು ತೆಗೆದುಕೊಂಡೆವು. ಅದರಲ್ಲಿ 5 ಲಕ್ಷ ನನ್ನ ಖಾತೆಯಿಂದ ಹೋಗಿದೆ, ಆದರೆ ಕಾಗದ ಗಂಡನ ಹೆಸರಿಗೆ. ನನ್ನ 140 ಗ್ರಾಂ ಒಡವೆ ಸೊಸೈಟಿಯಲ್ಲಿ ಅವರ ಹೆಸರಲ್ಲಿ ಅಡವಿದೆ. ಮನೆ ರಿಪೇರಿಗೆ ಬ್ಯಾಂಕಿನಲ್ಲಿ ಇಬ್ಬರ ಹೆಸರಲ್ಲೂ ಸಾಲ ಮಾಡಿದ್ದೇವೆ, ಇನ್ನೂ 9 ಲಕ್ಷ ಬಾಕಿ. ಬೆಳೆಸಾಲಕ್ಕೆ ನಾನೇ ಜಾಮೀನು. ಇಬ್ಬರಿಗೂ ವಿಚ್ಛೇದನ ಬೇಕು, ಜಗಳ ಬೇಡ. ಎರಡೂ ಕಡೆ ಹಿರಿಯರು ಕೂತು "10 ಲಕ್ಷ ಕೊಡ್ತೇವೆ, ಸಹಿ ಹಾಕು" ಅಂತಿದ್ದಾರೆ. ಕಾನೂನಿನಲ್ಲಿ ಹೆಂಡತಿಗೆ ಅರ್ಧ ಆಸ್ತಿ ಬರೋದಿಲ್ವಾ? ನಾನು ಏನು ಕೇಳಬೇಕು?

ಉತ್ತರ: ಈಗಲೇ ಸಹಿ ಹಾಕಬೇಡಿ. ಹತ್ತು ಲಕ್ಷ ಕಡಿಮೆಯೋ ಜಾಸ್ತಿಯೋ ಅನ್ನುವುದು ಆಮೇಲಿನ ಮಾತು. ಮೊದಲು ಅದು ಯಾವುದಕ್ಕೆ ಕೊಡುವ ಹಣ ಅಂತ ಗೊತ್ತಾಗಬೇಕು. ನಿಮ್ಮ ಪತ್ರದಲ್ಲಿ ಅದು ಎಲ್ಲೂ ಇಲ್ಲ. ಬಹುಶಃ ಕೂತು ಮಾತಾಡಿದ ಹಿರಿಯರೂ ಆ ಪ್ರಶ್ನೆ ಕೇಳಿಲ್ಲ. ಒಡವೆ ಬಿಡಿಸಿಕೊಡುವುದು ಅದರಲ್ಲಿ ಸೇರಿದೆಯಾ? ಸೈಟಿನ ದುಡ್ಡು? ಮಗಳ ಓದು? ಬ್ಯಾಂಕ್ ಸಾಲದಲ್ಲಿ ನಿಮ್ಮ ಹೆಸರು ಹಾಗೇ ಉಳಿಯುತ್ತದಾ? ಇವತ್ತಿನ ದರದಲ್ಲಿ 140 ಗ್ರಾಂ ಒಡವೆಯ ಚಿನ್ನ ಒಂದೇ ಹತ್ತು ಲಕ್ಷ ದಾಟುತ್ತದೆ. ಒಡವೆಯೂ ಸೇರಿ ಹತ್ತು ಲಕ್ಷ ಅಂತಾದರೆ ಅವರು ಕೊಡುತ್ತಿರುವುದು ನಿಮ್ಮದೇ ಚಿನ್ನವನ್ನು, ಅದೂ ಪೂರ್ತಿ ಅಲ್ಲ.

ಇನ್ನು ಅರ್ಧ ಆಸ್ತಿಯ ವಿಷಯ. ಸಿನಿಮಾ, ಸೀರಿಯಲ್ ನೋಡಿ ತುಂಬಾ ಜನ ಹಾಗೇ ನಂಬಿದ್ದಾರೆ. ನಮ್ಮ ಕಾನೂನಿನಲ್ಲಿ ಅಂಥ ನಿಯಮ ಇಲ್ಲ. ಮದುವೆಯಾದ ಮಾತ್ರಕ್ಕೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಪಾಲು ಬರುವುದಿಲ್ಲ, ವಿಚ್ಛೇದನವಾದಾಗ ಎರಡು ಪಾಲು ಮಾಡಿ ಹಂಚುವ ಪದ್ಧತಿಯೂ ಇಲ್ಲ. ಯಾರ ಹೆಸರಲ್ಲಿ ಕಾಗದವೋ ಅವರದ್ದು ಅನ್ನುವುದು ಮೊದಲ ಲೆಕ್ಕ. ಅದರ ಮೇಲೆ ಎರಡು ಮಾತು ಸೇರುತ್ತವೆ. ನಿಮ್ಮ ದುಡ್ಡಿನಲ್ಲಿ ಕೊಂಡದ್ದು, ನಿಮಗೆ ಅಂತ ಕೊಟ್ಟದ್ದು ಯಾರ ಕೈಯಲ್ಲೇ ಇರಲಿ, ಅದು ನಿಮ್ಮದು. ಮತ್ತೆ, ಗಂಡನ ಆಸ್ತಿ ಆದಾಯ ನೋಡಿ ನಿಮಗೂ ಮಗಳಿಗೂ ಜೀವನಾಂಶ ಕೊಡಬೇಕು. ಹಿಂದೂ ವಿವಾಹ ಕಾಯ್ದೆಯ 25ನೇ ಕಲಂ ಶಾಶ್ವತ ಜೀವನಾಂಶದ್ದು. ಪ್ರಕರಣ ನಡೆಯುವಾಗಿನ ಖರ್ಚಿಗೆ 24ನೇ ಕಲಂ. (ನಿಮ್ಮ ಪತ್ರ ನೋಡಿ ಹಿಂದೂ ವಿವಾಹ ಕಾಯ್ದೆ ಅನ್ವಯ ಅಂದುಕೊಂಡು ಬರೆಯುತ್ತಿದ್ದೇನೆ. ಭಟ್ಕಳದ ಮುಸ್ಲಿಂ ಓದುಗರಿಗೂ ಹೊನ್ನಾವರ, ಕಾರವಾರದ ಕ್ರೈಸ್ತ ಓದುಗರಿಗೂ ವಿಚ್ಛೇದನದ ಕಾನೂನು ಬೇರೆ. ಆದರೆ ಸಾಲ, ಜಾಮೀನು, ಖಾತೆಯ ಬಗ್ಗೆ ಕೆಳಗೆ ಹೇಳಿದ್ದು ಎಲ್ಲರಿಗೂ ಒಂದೇ.)

ತೋಟದಿಂದ ಶುರು ಮಾಡೋಣ. ಎಲ್ಲರ ಕಣ್ಣೂ ಮೊದಲು ಹೋಗುವುದು ಅಲ್ಲಿಗೇ, ಕೊನೆಗೆ ಕೈಗೆ ಅತಿ ಕಡಿಮೆ ಸಿಗುವುದೂ ಅಲ್ಲಿಂದಲೇ. ಮೊಬೈಲಿನಲ್ಲಿ ಸರ್ಕಾರದ ಜಮೀನು ದಾಖಲೆಗಳ ತಾಣ 'ಭೂಮಿ' ತೆರೆದು ಆ ಸರ್ವೆ ನಂಬರಿನ ಪಹಣಿ ತೆಗೆಯಿರಿ. ಯಾರು ಬೇಕಾದರೂ ನೋಡಬಹುದು, ಮಾವನವರನ್ನು ಕೇಳಬೇಕಾಗಿಲ್ಲ. 9ನೇ ಕಾಲಂನಲ್ಲಿ ಮಾಲೀಕರ ಹೆಸರಿರುತ್ತದೆ, ಎಲ್ಲರೂ ಅದನ್ನು ನೋಡಿ ಮುಚ್ಚಿಬಿಡುತ್ತಾರೆ. ನೀವು 10ನ್ನೂ 11ನ್ನೂ ಓದಿ. 10ರಲ್ಲಿ ಆ ಜಮೀನು ಅವರಿಗೆ ಹೇಗೆ ಬಂತು ಅಂತಿರುತ್ತದೆ: ವಾರಸಾ, ಕ್ರಯ, ವಿಭಾಗ, ಜೊತೆಗೆ ಎಂ.ಆರ್. (ಹಕ್ಕು ಬದಲಾವಣೆ ದಾಖಲೆ) ನಂಬರು. 11ರಲ್ಲಿ ಸಾಲ, ಬೋಜಾ (ಆಸ್ತಿಯ ಮೇಲಿನ ಹೊರೆ).

ಮಾವ ಸ್ವಂತ ದುಡ್ಡಿನಲ್ಲಿ ಕ್ರಯಕ್ಕೆ ತೆಗೆದುಕೊಂಡದ್ದಾದರೆ ಅವರು ಬದುಕಿರುವಾಗ ನಿಮ್ಮ ಗಂಡನಿಗೇ ಅದರಲ್ಲಿ ಹಕ್ಕಿಲ್ಲ, ಇನ್ನು ನಿಮಗೆಲ್ಲಿ? ಪಿತ್ರಾರ್ಜಿತವಾದರೆ ಗಂಡನಿಗೆ ಹುಟ್ಟಿನಿಂದಲೇ ಪಾಲಿದೆ. ನಿಮ್ಮ ಮಗಳಿಗೂ ಇದೆ. 2005ರ ತಿದ್ದುಪಡಿ ಹೆಣ್ಣುಮಕ್ಕಳನ್ನೂ ಹುಟ್ಟಿನಿಂದಲೇ ಪಾಲುದಾರರನ್ನಾಗಿ ಮಾಡಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಆದರೆ ಅಜ್ಜನ ಕಾಲದ್ದು ಅಂದ ಮಾತ್ರಕ್ಕೆ ಎಲ್ಲವೂ ಪಿತ್ರಾರ್ಜಿತ ಆಗುವುದಿಲ್ಲ. ಅಜ್ಜನ ಸ್ವಂತ ಆಸ್ತಿ, 1956ರ ನಂತರ ಅಜ್ಜ ತೀರಿಕೊಂಡು ವಾರಸಾದಲ್ಲಿ ಮಾವನಿಗೆ ಬಂದಿದ್ದರೆ ಅದು ಮಾವನ ಸ್ವಂತದ್ದೇ. ಹಾಗಾಗಿ ಹಳೆಯ ಎಂ.ಆರ್. ಪ್ರತಿಗಳನ್ನು ತೆಗೆಸಿ ವಕೀಲರಿಗೆ ತೋರಿಸಿ. ಅದಿಲ್ಲದೆ ಯಾರು ಏನೇ ಹೇಳಿದರೂ ಅದು ಜಗಲಿ ಮೇಲಿನ ಮಾತು.

ತೋಟದ ಜೊತೆ ಅದಕ್ಕೆ ಸೊಪ್ಪು ತರಲು ಬಿಟ್ಟಿರುವ ಬೆಟ್ಟದ ಬೆಲೆಯನ್ನೂ ಸೇರಿಸಿ ಕೋಟಿಗಟ್ಟಲೆ ಲೆಕ್ಕ ಹಾಕಬೇಡಿ. ಸೊಪ್ಪಿನ ಬೆಟ್ಟದಲ್ಲಿ ತೋಟದವರಿಗೆ ಇರುವುದು ಸೊಪ್ಪು, ದರಕು (ಒಣ ಎಲೆ) ತರುವಂಥ ಸವಲತ್ತು. ಮಾಲ್ಕಿ ಜಮೀನಿನ ಹಾಗೆ ಮಾರಿ ಹಂಚಿಕೊಳ್ಳುವ ಆಸ್ತಿ ಅದಲ್ಲ. ಅತಿಕ್ರಮಣ ಜಾಗಕ್ಕೂ ಇದೇ ಮಾತು, ಹಕ್ಕುಪತ್ರ ಇಲ್ಲದ ಮೇಲೆ ಪಾಲಿನ ಮಾತೇ ಇಲ್ಲ. ಆದರೆ ಅಲ್ಲಿ ಒಂದು ಸಂಗತಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಿಗೆ ಗೊತ್ತಿರಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಮಂಜೂರಾಗುವ ಹಕ್ಕು ವಿವಾಹಿತರಾದರೆ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿಯಾಗಿ ದಾಖಲಾಗಬೇಕು. ಮಾರುವ ಹಾಗಿಲ್ಲ, ವಾರಸುದಾರರಿಗೆ ಹೋಗುತ್ತದೆ. ನಿಮ್ಮ ಮನೆಯಿಂದ ಅರ್ಜಿ ಹೋಗಿದೆಯಾ, ಯಾರ ಹೆಸರಲ್ಲಿದೆ ಅಂತ ವಿಚಾರಿಸಿ. ಹಕ್ಕು ಬರಲಿ ಬಿಡಲಿ, ಆ ತೋಟದ ಫಸಲಿನ ಆದಾಯವಂತೂ ಜೀವನಾಂಶದ ಲೆಕ್ಕಕ್ಕೆ ಬರುತ್ತದೆ.

ಆ ಆದಾಯ ಎಷ್ಟು? "ಈ ವರ್ಷ ಕೊಳೆ ಬಂತು, ಎಲೆಚುಕ್ಕಿ ಬಂತು, ಏನೂ ಇಲ್ಲ" ಅನ್ನುವ ಮಾತು ಬಂದೇ ಬರುತ್ತದೆ. ಸುಳ್ಳು ಅಂತ ನಾನು ಹೇಳುವುದಿಲ್ಲ, ಎರಡೂ ಅಡಿಕೆಗೆ ಬರುವ ನಿಜವಾದ ರೋಗಗಳೇ. ಅದಕ್ಕೇ ಒಂದು ವರ್ಷದ ಲೆಕ್ಕ ನಂಬಬಾರದು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರಿಟರ್ನ್ಸ್ ನೋಡಿ ತಿಳಿಯುವುದು ಕಷ್ಟ. ಆದರೆ ಅಡಿಕೆ ಹೆಚ್ಚಾಗಿ ಸಹಕಾರಿ ಸಂಘದ ಟೆಂಡರಿನಲ್ಲೇ ಮಾರಾಟವಾಗುತ್ತದೆ. ಅಡಿಕೆಯ ಬಗೆಗಳಲ್ಲಿ ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ ಎಷ್ಟು, ಯಾವ ದಿನ ಯಾವ ದರ, ಸಾಲಕ್ಕೆ ಎಷ್ಟು ಮುರಿದುಕೊಂಡರು, ಎಲ್ಲ ಸದಸ್ಯರ ಖಾತೆಯಲ್ಲಿ ಇರುತ್ತದೆ. ಮೂರರಿಂದ ಐದು ವರ್ಷದ ಆ ಖಾತೆ ಉತಾರೆ (ನಕಲು) ಕೇಳಿ. ಕಾಳುಮೆಣಸಿನದ್ದು ಬೇರೆ ಇರುತ್ತದೆ, ಮರೆಯಬೇಡಿ. 2020ರ ನವೆಂಬರಿನಲ್ಲಿ ರಜ್ನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಲೇಬೇಕು ಅಂತ ಹೇಳಿತು. ಅದರಲ್ಲಿ ಕೃಷಿಕರಿಗೆ ಅಂತಲೇ ಬೇರೆ ನಮೂನೆ ಇದೆ. ನಿಮ್ಮದು ಒಪ್ಪಿಗೆಯ ವಿಚ್ಛೇದನ ಆದರೂ ಮಾತುಕತೆಗೆ ಕೂರುವ ಮೊದಲು ಅದೇ ನಮೂನೆಯಲ್ಲಿ ಇಬ್ಬರೂ ಲೆಕ್ಕ ಬರೆದುಕೊಡೋಣ ಅನ್ನಿ. ಜಗಳ ಬೇಡ ಅನ್ನುವವರಿಗೆ ಇದಕ್ಕಿಂತ ನೇರ ದಾರಿ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ತೋಟದಲ್ಲಿ ಪಾಲು ಬೇಕು ಅಂತ ನೀವು ಹಟ ಹಿಡಿಯುವುದು ಬೇಡ. ಅದನ್ನು ಕೇಳಿದ ಕೂಡಲೇ ಮಾತುಕತೆ ಮುರಿಯುತ್ತದೆ, ಕೊನೆಗೆ ಸಿಗುವುದೂ ಅನುಮಾನ. ತೋಟದ ಆದಾಯ ತೋರಿಸಿ ಬೇರೆ ಕಡೆ ಕೇಳಿ.

ಈಗ ಒಡವೆ. ಇಲ್ಲಿ ನಿಮ್ಮ ಹಕ್ಕು ಅತ್ಯಂತ ಗಟ್ಟಿ. ತವರಿನವರು ಹಾಕಿದ್ದು, ಮದುವೆಯಲ್ಲಿ ಗಂಡನ ಕಡೆಯವರು ನಿಮಗೆ ಅಂತ ಹಾಕಿದ್ದು, ಎಲ್ಲವೂ ಸ್ತ್ರೀಧನ. ಅದು ಗಂಡ ಹೆಂಡತಿಯ ಜಂಟಿ ಆಸ್ತಿ ಅಲ್ಲ, ಕಷ್ಟಕ್ಕೆ ಬಳಸಿಕೊಂಡರೂ ವಾಪಸ್ ಕೊಡುವ ಜವಾಬ್ದಾರಿ ಗಂಡನದ್ದು ಅಂತ ಸುಪ್ರೀಂ ಕೋರ್ಟ್ 2024ರಲ್ಲೂ ಹೇಳಿದೆ. ಪ್ರಶ್ನೆ ಇರುವುದು ಹಕ್ಕಿನದ್ದಲ್ಲ, ಪುರಾವೆಯದ್ದು. ಅಡವು ಇಟ್ಟಾಗ ಸೊಸೈಟಿಯವರು ಒಂದು ಚೀಟಿ ಕೊಟ್ಟಿರುತ್ತಾರೆ. 'ಬಳೆ 4, ಸರ 1, ಜುಮಕಿ 1 ಜೊತೆ' ಅಂತ ಸಾಮಾನಿನ ಹೆಸರು, ಒಟ್ಟು ತೂಕ, ಹರಳು ಅರಗು ಕಳೆದ ನಿವ್ವಳ ತೂಕ, ಸರಾಫರ ಸಹಿ. ಆ ಚೀಟಿ ಸಾಲಗಾರರ ಹೆಸರಲ್ಲಿರುತ್ತದೆ, ಒಡವೆ ಯಾರದ್ದು ಅಂತ ಅದರಲ್ಲಿ ಬರೆಯುವುದಿಲ್ಲ. ಆದರೆ ಅದೇ ನಾಲ್ಕು ಬಳೆ, ಅದೇ ಸರ ನಿಮ್ಮ ಮದುವೆ ಫೋಟೋದಲ್ಲಿ ನಿಮ್ಮ ಮೈಮೇಲೆ ಇದೆ. ಚೀಟಿಯ ಫೋಟೋ, ಮದುವೆ ಆಲ್ಬಮ್ಮು, ಅಪ್ಪ ಅಕ್ಕಸಾಲಿಗರ ಹತ್ತಿರ ಮಾಡಿಸಿದ ಬಿಲ್ಲು, ಈ ಮೂರನ್ನು ಒಟ್ಟಿಗೆ ಇಡಿ. ಬಿಲ್ಲು ಸಿಗದಿದ್ದರೆ ಗಾಬರಿ ಬೇಡ, ಫೋಟೋ ಮತ್ತು ಅಮ್ಮನ ಸಾಕ್ಷಿಯೂ ನಡೆಯುತ್ತದೆ.

ಇವತ್ತೇ ಮಾಡಬೇಕಾದ ಕೆಲಸ ಇದು: ಸೊಸೈಟಿಗೆ ಒಂದು ಪತ್ರ ಬರೆಯಿರಿ. 'ಈ ಸಾಲದಲ್ಲಿ ಅಡವಿರುವ ಒಡವೆ ನನ್ನದು, ನನಗೆ ತಿಳಿಸದೆ ಹರಾಜು ಮಾಡಬೇಡಿ, ನನ್ನ ಒಪ್ಪಿಗೆ ಇಲ್ಲದೆ ಬೇರೆ ಯಾರಿಗೂ ಬಿಟ್ಟುಕೊಡಬೇಡಿ' ಅಂತ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅಥವಾ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಸೊಸೈಟಿಯವರು ಒಪ್ಪಲೇಬೇಕು ಅಂತಿಲ್ಲ, ಸಾಲ ಕೊಟ್ಟವರಿಗೆ ಅವರ ಹಕ್ಕಿದೆ. ಆದರೆ ಪತ್ರ ಕಡತ ಸೇರಿದ ಮೇಲೆ 'ನಮಗೆ ಗೊತ್ತಿರಲಿಲ್ಲ' ಅನ್ನುವಂತಿಲ್ಲ.

ಒಪ್ಪಂದದಲ್ಲಿ ಒಡವೆಯನ್ನು ರೂಪಾಯಿಯಲ್ಲಿ ಬರೆಯಬೇಡಿ, ಗ್ರಾಮಿನಲ್ಲಿ ಬರೆಯಿರಿ. ಎಷ್ಟೋ ಒಪ್ಪಂದಗಳಲ್ಲಿ 'ಒಡವೆ ಬಾಬ್ತು 3 ಲಕ್ಷ' ಅಂತ ಇರುತ್ತದೆ, ಯಾವ ಕಾಲದ ದರವೋ ದೇವರಿಗೇ ಗೊತ್ತು. ಅಡವಿನ ಸಾಲ ಗಂಡನೇ ತೀರಿಸಿ, ಒಡವೆ ಬಿಡಿಸಿ, ನಿಮ್ಮ ಎದುರು ತೂಕ ಮಾಡಿ ಕೊಡಬೇಕು. ಇದು ಜೀವನಾಂಶಕ್ಕೆ ಸೇರುವುದಿಲ್ಲ.

ಸೈಟಿಗೆ ಬರೋಣ. ಗಂಡನ ಹೆಸರಲ್ಲಿದೆ ಅಂದ ಮಾತ್ರಕ್ಕೆ ಕಥೆ ಮುಗಿದಿಲ್ಲ. ಬೇನಾಮಿ ಕಾಯ್ದೆಯಲ್ಲಿ ಗಂಡ ಹೆಂಡತಿಯ ನಡುವೆ ವಿನಾಯಿತಿ ಇದೆ. ಲೆಕ್ಕಕ್ಕೆ ಸಿಗುವ ಸ್ವಂತ ಹಣದಲ್ಲಿ ಸಂಗಾತಿಯ ಹೆಸರಲ್ಲಿ ಆಸ್ತಿ ಕೊಂಡರೆ ಅದು ಬೇನಾಮಿ ಆಗುವುದಿಲ್ಲ. ಹಾಗಾಗಿ 8 ಲಕ್ಷದಲ್ಲಿ 5 ಲಕ್ಷ ನನ್ನದು ಅಂತ ನೀವು ಕೇಳಬಹುದು. 2016ರ ಆ ತಿಂಗಳಿನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ಹಣ ನೇರ ಮಾರಿದವರ ಖಾತೆಗೆ ಹೋಗಿದ್ದರೆ ತುಂಬಾ ಒಳ್ಳೆಯದು, ಗಂಡನ ಖಾತೆಗೆ ಹೋಗಿ ಅಲ್ಲಿಂದ ಹೋಗಿದ್ದರೂ ದಿನಾಂಕ ಹೊಂದಿದರೆ ಸಾಕು. ಹಳೆಯ ದಾಖಲೆ ಬ್ಯಾಂಕಿನಲ್ಲಿ ಎಂದೆಂದಿಗೂ ಇರುತ್ತದೆ ಅಂತ ನಂಬಿ ಕೂರಬೇಡಿ, ಈ ವಾರವೇ ಅರ್ಜಿ ಕೊಡಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್ಲಿನಲ್ಲಿ ಸೈಟಿನ ಇ.ಸಿ. (ಋಣಭಾರ ಪತ್ರ) ತೆಗೆದು ಈಗಲೂ ಗಂಡನ ಹೆಸರಲ್ಲೇ ಇದೆಯಾ, ಮೇಲೆ ಸಾಲ ಇದೆಯಾ ನೋಡಿ. ಮಾತುಕತೆ ನಡೆಯುವಾಗಲೇ ತಮ್ಮನ ಹೆಸರಿಗೆ ಸೈಟು ವರ್ಗವಾದ ಪ್ರಕರಣಗಳು ಇವೆ. ಅಂಥ ವಾಸನೆ ಬಂದರೆ ಮಾರದಂತೆ ತಡೆಯಾಜ್ಞೆ ಕೇಳಬೇಕು, ತಡ ಮಾಡಬಾರದು.

ಈ ಸೈಟನ್ನೇ ನಿಮ್ಮ ಹೆಸರಿಗೆ ಕೇಳಿ ಅನ್ನುವುದು ನನ್ನ ಸಲಹೆ. ತೋಟದವರಿಗೆ ತೋಟ ಬಿಡುವುದು ಸಂಕಟ, ಪೇಟೆಯ ಸೈಟು ಬಿಡುವುದು ಅಷ್ಟು ಕಷ್ಟ ಅಲ್ಲ. ಹೇಗೂ ಅರ್ಧಕ್ಕಿಂತ ಜಾಸ್ತಿ ದುಡ್ಡು ನಿಮ್ಮದು. "ಮಗಳ ಹೆಸರಿಗೆ ಮಾಡೋಣ, ಅವಳದ್ದೇ ತಾನೇ" ಅಂತ ಯಾರಾದರೂ ಹೇಳುತ್ತಾರೆ. ಕೇಳಲು ಚೆನ್ನಾಗಿರುತ್ತದೆ. ಆದರೆ ಅಪ್ರಾಪ್ತರ ಆಸ್ತಿಯನ್ನು ನ್ಯಾಯಾಲಯದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಇನ್ನು ಏಳು ವರ್ಷ ನಿಮಗೆ ಎಷ್ಟೇ ತುರ್ತು ಬಂದರೂ ಅದು ಬೀಗ ಹಾಕಿದ ಪೆಟ್ಟಿಗೆ. ನಿಮ್ಮ ಹೆಸರಿಗೇ ಇರಲಿ.

ಕಾಗದ ಹೇಗೆ ಆಗಬೇಕು ಅನ್ನುವುದೂ ಮುಖ್ಯ. 'ಸೈಟು ಹೆಂಡತಿಗೆ' ಅಂತ ಒಪ್ಪಂದದಲ್ಲಿ ಒಂದು ಸಾಲು ಬರೆದ ಮಾತ್ರಕ್ಕೆ ಖಾತೆ ಬದಲಾಗುವುದಿಲ್ಲ. ಉಪ ನೋಂದಣಿ ಕಚೇರಿಯಲ್ಲಿ ದಾನಪತ್ರ ಮಾಡಿಸಿ, ಆಮೇಲೆ ನಗರಸಭೆಯಲ್ಲಿ ಖಾತೆ ಬದಲಾಯಿಸಿಕೊಳ್ಳಬೇಕು. ಅದನ್ನೂ ತೀರ್ಪಿಗೆ ಮೊದಲೇ ಮಾಡಿ. ಗಂಡ ಹೆಂಡತಿಯ ನಡುವಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕದ ದೊಡ್ಡ ರಿಯಾಯಿತಿ ಇದೆ. ತೀರ್ಪು ಬಂದ ಮರುದಿನ ನೀವಿಬ್ಬರೂ ಗಂಡ ಹೆಂಡತಿ ಅಲ್ಲ, ರಿಯಾಯಿತಿಯೂ ಇಲ್ಲ.

ಇನ್ನು ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಆತಂಕ ತಂದದ್ದು ತೋಟವೂ ಅಲ್ಲ, ಸೈಟೂ ಅಲ್ಲ. ಆ 9 ಲಕ್ಷದ ಸಾಲ ಮತ್ತು ಬೆಳೆಸಾಲದ ಜಾಮೀನು. ನೀವು ಅದನ್ನು ಒಂದೊಂದು ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ.

ಬ್ಯಾಂಕಿಗೆ ನಿಮ್ಮ ವಿಚ್ಛೇದನದಿಂದ ಏನೂ ಆಗಬೇಕಾಗಿಲ್ಲ. ಜಂಟಿ ಸಾಲ ಅಂದರೆ ಇಬ್ಬರೂ ಪೂರ್ತಿ ಸಾಲಕ್ಕೆ ಹೊಣೆ. ಅರ್ಧರ್ಧ ಅಲ್ಲ. 'ಸಾಲ ಗಂಡನೇ ತೀರಿಸಬೇಕು' ಅಂತ ನ್ಯಾಯಾಲಯದ ಒಪ್ಪಂದದಲ್ಲಿ ಬರೆದಿದ್ದರೂ ಬ್ಯಾಂಕು ಆ ಒಪ್ಪಂದದಲ್ಲಿ ಇಲ್ಲ. ಗಂಡ ಕಂತು ನಿಲ್ಲಿಸಿದರೆ ಫೋನು ನಿಮಗೇ ಬರುತ್ತದೆ, ಸಿಬಿಲ್ (ಸಾಲ ತೀರಿಸಿದ ದಾಖಲೆಯ ಅಂಕ) ನಿಮ್ಮದೂ ಹಾಳಾಗುತ್ತದೆ. ನಾಳೆ ಕುಮಟಾದಲ್ಲಿ ಮನೆ ಕಟ್ಟಲು ಸಾಲ ಕೇಳಿದರೆ ಹಳೆಯ 9 ಲಕ್ಷ ಅಡ್ಡ ಬರುತ್ತದೆ. ಗಂಡ ಸಾಲ ಪೂರ್ತಿ ತೀರಿಸಬೇಕು, ಇಲ್ಲವೇ ತನ್ನೊಬ್ಬನ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ಎರಡನೆಯದಕ್ಕೆ ಬ್ಯಾಂಕಿನ ಒಪ್ಪಿಗೆ ಬೇಕು, ನಿಮ್ಮ ಜಾಗಕ್ಕೆ ಮಾವನನ್ನೋ ಮತ್ತೊಬ್ಬರನ್ನೋ ಸೇರಿಸಿ ಅಂತ ಅವರು ಕೇಳಬಹುದು. ಏನೇ ಆಗಲಿ, 'ಇವರನ್ನು ಸಾಲದಿಂದ ಬಿಡುಗಡೆ ಮಾಡಿದ್ದೇವೆ' ಅನ್ನುವ ಬ್ಯಾಂಕಿನ ಪತ್ರ ನಿಮ್ಮ ಕೈಗೆ ಬರಬೇಕು. ಗಂಡ ಬರೆದುಕೊಟ್ಟ ಪತ್ರ ಸಾಕಾಗುವುದಿಲ್ಲ.

ಜಾಮೀನು ಇನ್ನೂ ಕೆಟ್ಟದ್ದು. ನಮ್ಮ ಕಡೆ ಸೊಸೈಟಿ ಸಾಲಕ್ಕೆ ಜಾಮೀನು ಹಾಕುವುದು ಅಂದರೆ ಅಕ್ಕಪಕ್ಕದವರಿಗೆ ಹಾಲು ಕೊಟ್ಟಷ್ಟು ಸಲೀಸು, ಯಾರೂ ಓದಿ ಸಹಿ ಹಾಕುವುದಿಲ್ಲ. ಕಾನೂನು ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರನಷ್ಟೇ. ಸೊಸೈಟಿಯವರು ಮೊದಲು ಗಂಡನ ಬೆನ್ನು ಹತ್ತಬೇಕು ಅಂತೇನಿಲ್ಲ, ನೇರ ನಿಮ್ಮನ್ನೇ ಕೇಳಬಹುದು. ಆದರೆ ಬೆಳೆಸಾಲ ವರ್ಷವರ್ಷ ನವೀಕರಣ ಆಗುವಂಥದ್ದು. ಹೀಗೆ ಮುಂದುವರಿಯುವ ಜಾಮೀನನ್ನು ಮುಂದಿನ ವ್ಯವಹಾರಗಳಿಗೆ ಅನ್ವಯಿಸದಂತೆ ನೋಟಿಸ್ ಕೊಟ್ಟು ರದ್ದು ಮಾಡಲು ಕರಾರು ಕಾಯ್ದೆಯ 130ನೇ ಕಲಂನಲ್ಲಿ ಅವಕಾಶ ಇದೆ. ಈಗಾಗಲೇ ತೆಗೆದ ಸಾಲಕ್ಕೆ ನಿಮ್ಮ ಹೊಣೆ ತಪ್ಪುವುದಿಲ್ಲ, ಮುಂದಿನದ್ದು ತಪ್ಪುತ್ತದೆ. ನಿಮ್ಮ ಜಾಮೀನು ಪತ್ರ ಯಾವ ಬಗೆಯದ್ದು ಅಂತ ಅದರ ನಕಲು ತೆಗೆದು ವಕೀಲರಿಗೆ ತೋರಿಸಿ, ನೋಟಿಸ್ ಕೊಡಿ. ಈ ಬಾರಿ ನವೀಕರಣಕ್ಕೆ "ಒಂದು ಸಹಿ ಅಷ್ಟೇ" ಅಂತ ಯಾರು ಬಂದರೂ ಹಾಕಬೇಡಿ.

ಮಗಳ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿಯೇ ಹೇಳುತ್ತೇನೆ. ನಿಮ್ಮ ಹಕ್ಕು ನೀವು ಬಿಟ್ಟುಕೊಡಬಹುದು, ಅವಳದ್ದನ್ನು ಬಿಟ್ಟುಕೊಡುವ ಅಧಿಕಾರ ನಿಮಗಿಲ್ಲ. 'ಮಗಳ ಯಾವುದೇ ಖರ್ಚು ಕೇಳುವುದಿಲ್ಲ, ಆಸ್ತಿಯಲ್ಲಿ ಅವಳಿಗೂ ಹಕ್ಕಿಲ್ಲ' ಅನ್ನುವ ಸಾಲು ಕರಡಿನಲ್ಲಿ ಇದ್ದರೆ ಹೊಡೆದುಹಾಕಿಸಿ. ಅಪ್ಪ ಅಮ್ಮ ಬೇರೆಯಾದರೂ ಅಪ್ಪನ ಆಸ್ತಿಯಲ್ಲಿ ಮಗಳ ಹಕ್ಕು ಅಲುಗುವುದಿಲ್ಲ. ಖರ್ಚಿನ ಲೆಕ್ಕ ಸುಮ್ನೆ ಹಾಕಿ ನೋಡಿ. ತಿಂಗಳಿಗೆ 10 ಸಾವಿರ ಅಂತ ಹಿಡಿದರೆ ವರ್ಷಕ್ಕೆ 1 ಲಕ್ಷ 20 ಸಾವಿರ. ಅವಳಿಗೆ 21 ಆಗುವವರೆಗೆ ಹತ್ತು ವರ್ಷಕ್ಕೆ 12 ಲಕ್ಷ. ಬೆಲೆ ಏರಿಕೆ ಹಿಡಿದಿಲ್ಲ, ಪಿಯುಸಿ ಆದಮೇಲೆ ಹುಬ್ಬಳ್ಳಿಗೋ ಮಂಗಳೂರಿಗೋ ಹಾಸ್ಟೆಲ್ಲಿಗೆ ಹೋದರೆ ಅದೂ ಹಿಡಿದಿಲ್ಲ. ಇದರಲ್ಲಿ ನಿಮ್ಮ ಪಾಲೂ ಇರಬೇಕು, ನೀವೂ ದುಡಿಯುತ್ತೀರಿ. ಆದರೂ ಹಿರಿಯರ ಹತ್ತು ಲಕ್ಷ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾಯಿತಲ್ಲ. ಅವಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಇದ್ದರೆ ಪೋಷಕರ ಜಾಗದಲ್ಲಿ ಯಾರ ಹೆಸರಿದೆ ನೋಡಿ, ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಮಾತನ್ನೂ ಒಪ್ಪಂದದಲ್ಲಿ ಸೇರಿಸಿ.

ನಿಮ್ಮ ಜೀವನಾಂಶಕ್ಕೆ ಇಷ್ಟೇ ಅನ್ನುವ ಸೂತ್ರ ಇಲ್ಲ. ಕಾರವಾರದ ಕಡೆಯವರು, ಕೈಗಾದಲ್ಲೋ ನೌಕಾನೆಲೆಯಲ್ಲೋ ಗಂಡನಿಗೆ ಕೆಲಸ ಇರುವವರು, "ಸಂಬಳದ 25 ಪರ್ಸೆಂಟ್ ಅಂತೆ ಅಲ್ವಾ" ಅಂತ ಕೇಳುತ್ತಾರೆ. 2017ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿವ್ವಳ ಸಂಬಳದ ಶೇ. 25 ನ್ಯಾಯ ಅಂದದ್ದು ನಿಜ, ಅದು ಎಲ್ಲರಿಗೂ ಹಾಕಿದ ನಿಯಮ ಅಲ್ಲ. ಸಂಬಳದವರದ್ದು ಸುಲಭ, ಚೀಟಿ ಇದೆ. ತೋಟದವರದ್ದೂ ಬೋಟಿನವರದ್ದೂ ಏರಿಳಿತ ಜಾಸ್ತಿ. ಮೀನುಗಾರಿಕೆಗೆ ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ನಿಷೇಧ, ಯಾಂತ್ರಿಕ ಬೋಟಿನ ಮನೆಗೆ ಆಗ ಆದಾಯವೇ ಇಲ್ಲ. ಅಡಿಕೆಯವರಿಗೆ ವರ್ಷದ ಹಣ ಕೆಲವೇ ತಿಂಗಳಲ್ಲಿ ಬರುತ್ತದೆ. ಅಂಥ ಕಡೆ ಪ್ರತಿ ತಿಂಗಳು ಐದನೇ ತಾರೀಕಿಗೆ ಹಣ ಹಾಕಬೇಕು ಅಂತ ಬರೆದರೆ ನಾಲ್ಕನೇ ತಿಂಗಳಿಗೆ ನಿಲ್ಲುತ್ತದೆ, ಆಮೇಲೆ ವಸೂಲಿಗೆ ಅಲೆಯಬೇಕು. ಹಾಗಾಗಿ ನಿಮ್ಮ ಪಾಲಿಗೆ ಒಂದೇ ಗಂಟು ಒಳ್ಳೆಯದು. ಒಟ್ಟಿಗೆ ಬಂದ ಜೀವನಾಂಶವನ್ನು ಸಾಮಾನ್ಯವಾಗಿ ಆದಾಯ ಅಂತ ಹಿಡಿಯುವುದಿಲ್ಲ, ತಿಂಗಳು ತಿಂಗಳು ಬಂದದ್ದನ್ನು ಆದಾಯ ಅಂತ ಹಿಡಿಯುತ್ತಾರೆ. ಮಗಳದ್ದು ಮಾತ್ರ ವರ್ಷಕ್ಕೊಮ್ಮೆ, ಅಡಿಕೆ ಮಾರಾಟದ ಕಾಲಕ್ಕೆ ಸರಿಯಾಗಿ, ಪ್ರತಿ ವರ್ಷ ಇಷ್ಟು ಏರಿಕೆ ಅಂತ ಬರೆಸಬಹುದು. ಅದಕ್ಕೆ ಭದ್ರತೆ ಬೇಕಾದರೆ ಗಂಡನ ಸ್ಥಿರಾಸ್ತಿಯ ಮೇಲೆ ಬೋಜಾ ಹಾಕಿಸಲು ಅವಕಾಶ ಇದೆ. ಪಹಣಿ ಮಾವನ ಹೆಸರಲ್ಲಿರುವವರೆಗೆ ನಿಮಗೆ ಅದು ಕಷ್ಟ. ಸೈಟು ನಿಮ್ಮ ಹೆಸರಿಗೇ ಬರಲಿ ಅನ್ನಲು ಇದೂ ಒಂದು ಕಾರಣ.

ಮನೆ ರಿಪೇರಿಗೆ ನಿಮ್ಮ ಸಂಬಳದಿಂದ ಕಂತು ಕಟ್ಟಿದ್ದರೆ ಅದನ್ನೂ ಪಟ್ಟಿಗೆ ಸೇರಿಸಿ. ಮಾವನ ಜಾಗದ ಮನೆಯಲ್ಲಿ ಅದರಿಂದ ಪಾಲು ಬರುವುದಿಲ್ಲ, ಮಾತುಕತೆಯಲ್ಲಿ ತೂಕ ಬರುತ್ತದೆ.

ಎಲ್ಲಕ್ಕಿಂತ ಮುಖ್ಯ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು. ಪರಸ್ಪರ ಒಪ್ಪಿಗೆಯ ವಿಚ್ಛೇದನ 13ಬಿ ಕಲಂ. ಒಂದು ವರ್ಷ ಬೇರೆ ಇದ್ದಿರಬೇಕು, ನಿಮ್ಮದು ಆಗಿದೆ. ಮೊದಲು ಅರ್ಜಿ, ಆರು ತಿಂಗಳ ಮೇಲೆ ಎರಡನೇ ಹಂತ, ಅದನ್ನು ಅರ್ಜಿ ಹಾಕಿದ 18 ತಿಂಗಳ ಒಳಗೆ ಕೇಳಿಕೊಳ್ಳಬೇಕು. ಒಂದೂವರೆ ವರ್ಷದಿಂದ ಬೇರೆ ಇದ್ದು, ಹಣ, ಮಕ್ಕಳು ಎಲ್ಲ ಇತ್ಯರ್ಥ ಆಗಿದ್ದರೆ ಆರು ತಿಂಗಳು ಕಾಯುವುದನ್ನು ನ್ಯಾಯಾಲಯ ಮನ್ನಾ ಮಾಡಬಹುದು ಅಂತ 2017ರ ತೀರ್ಪಿದೆ. ಅಷ್ಟು ಅವಸರ ನಿಮಗೆ ಬೇಡ. ಆ ಆರು ತಿಂಗಳೇ ನಿಮ್ಮ ಕೆಲಸದ ಸಮಯ. ತೀರ್ಪು ಬರುವವರೆಗೆ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು. ಹಾಗಾಗಿ ಪೂರ್ತಿ ಹಣ ಮೊದಲೇ ಕೊಡಲು ಗಂಡನಿಗೆ ಭಯ, ಕೊನೆಗೆ ಕೊಡುತ್ತೇನೆ ಅಂದರೆ ನಿಮಗೆ ಭಯ. ಎರಡೂ ನ್ಯಾಯವೇ. ಅದಕ್ಕೆ ಹಂತ ಹಂತವಾಗಿ ಬರೆಸಿ. ಅರ್ಜಿ ಹಾಕುವ ದಿನ ಒಡವೆ ಕೈಗೆ ಮತ್ತು ಹಣದ ಒಂದು ಭಾಗ. ನಡುವಿನ ತಿಂಗಳುಗಳಲ್ಲಿ ಬ್ಯಾಂಕಿನ ಬಿಡುಗಡೆ ಪತ್ರ, ಜಾಮೀನು ಬದಲಾವಣೆ, ಸೈಟಿನ ದಾನಪತ್ರ. ಎರಡನೇ ಹಂತದ ದಿನ ನ್ಯಾಯಾಧೀಶರ ಎದುರೇ ಉಳಿದ ಹಣದ ಡಿ.ಡಿ. ಚೆಕ್ಕು ಬೇಡ. ಡಿ.ಡಿ. ಮೂರು ತಿಂಗಳು ಮಾತ್ರ ಚಾಲ್ತಿ, ದಿನಾಂಕ ನೋಡಿಕೊಳ್ಳಿ. ಇಷ್ಟೆಲ್ಲ ಕೈಗೆ ಬರದೆ ಕೊನೆಯ ಸಹಿ ಹಾಕಬೇಡಿ. ಆ ಸಹಿ ಹಾಕಿದ ಮೇಲೆ ನಿಮ್ಮ ಫೋನು ಎತ್ತುವವರೂ ಇರುವುದಿಲ್ಲ.

ಹಿರಿಯರು ಛಾಪಾ ಕಾಗದದ ಮೇಲೆ ಬರೆಸಿ "ಇದೇ ವಿಚ್ಛೇದನ" ಅಂದರೆ ನಂಬಬೇಡಿ. ನ್ಯಾಯಾಲಯದ ತೀರ್ಪಿಲ್ಲದೆ ನಿಮ್ಮ ಮದುವೆ ಮುಗಿಯುವುದಿಲ್ಲ. ಅರ್ಜಿಯನ್ನು ಹೆಂಡತಿ ಈಗ ಇರುವ ಊರಿನ ವ್ಯಾಪ್ತಿಯಲ್ಲೇ ಹಾಕಬಹುದು, ಪ್ರತಿ ದಿನಾಂಕಕ್ಕೂ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಬೇಕಾಗಿಲ್ಲ. ವಕೀಲರ ಫೀಸು ಚಿಂತೆಯಾದರೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ.

ಮನೆಯ ಸಣ್ಣಪುಟ್ಟವೂ ಬಾಕಿ ಇವೆ. ಸಂಬಳ ಜಂಟಿ ಖಾತೆಗೆ ಬರುತ್ತಿದ್ದರೆ ನಿಮ್ಮೊಬ್ಬರ ಖಾತೆಗೆ ಬದಲಾಯಿಸಿ. ಜಂಟಿ ಖಾತೆಯಲ್ಲಿ 'ಇಬ್ಬರಲ್ಲಿ ಯಾರಾದರೂ' ಅನ್ನುವುದನ್ನು 'ಇಬ್ಬರ ಸಹಿ' ಅಂತ ಮಾಡಿಸಿ. ಗೂಗಲ್ ಪೇ, ಇಮೇಲ್, ಎ.ಟಿ.ಎಂ. ಪಿನ್ ಬದಲಾಯಿಸಿ. ಪಿ.ಎಫ್., ಎಲ್.ಐ.ಸಿ. ನಾಮಿನಿ ಯಾರು ನೋಡಿ. ಕುಟುಂಬದ ಆರೋಗ್ಯ ವಿಮೆ ಗಂಡನ ಹೆಸರಲ್ಲಿದ್ದರೆ, ಅದು ತಪ್ಪುವ ಮೊದಲೇ ನಿಮಗೂ ಮಗಳಿಗೂ ಬೇರೆ ಮಾಡಿಸಿ. ಪಡಿತರ ಚೀಟಿಯಲ್ಲಿ ಹೆಸರು ಬೇರೆ ಮಾಡಿಸುವ ಅರ್ಜಿ ತೀರ್ಪಿನ ನಂತರ.

ಹಣ ಬಂದ ಮೇಲೆ ಮೊದಲು ಬರುವವರು ನೆಂಟರು. ಅಣ್ಣನ ಅಂಗಡಿಗೆ, ಭಾವನ ಲಾರಿಗೆ ಅಂತ ಕೈಸಾಲ ಕೇಳುತ್ತಾರೆ. ಆರು ತಿಂಗಳ ಎಫ್.ಡಿ. ಮಾಡಿ "ಇಟ್ಟಾಗಿದೆ" ಅನ್ನಿ. ಬಡ್ಡಿ ಜಾಸ್ತಿ ಅಂತ ಸೌಹಾರ್ದ ಸಹಕಾರಿಯಲ್ಲೋ ಪತ್ತಿನ ಸಂಘದಲ್ಲೋ ಪೂರ್ತಿ ಇಡಬೇಡಿ. ಬ್ಯಾಂಕ್ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ತಿಂಗಳ ಖರ್ಚಿಗೆ ಬೇಕಾದರೆ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಒಬ್ಬರ ಹೆಸರಲ್ಲಿ 9 ಲಕ್ಷದವರೆಗೆ ಇಡಬಹುದು.

ಹಿರಿಯರಿಗೆ ಸದ್ಯಕ್ಕೆ ಇಷ್ಟು ಉತ್ತರ ಸಾಕು: "ನೀವು ಕೂತದ್ದು ಒಳ್ಳೆಯದಾಯಿತು. ಒಡವೆ, ಸೈಟು, ಸಾಲ, ಮಗಳು, ನಾನು, ಐದಕ್ಕೂ ಬೇರೆ ಬೇರೆ ಬರೆದುಕೊಡಿ, ವಕೀಲರಿಗೆ ತೋರಿಸಿ ಹೇಳುತ್ತೇನೆ." ಅವರು ಬರೆದುಕೊಟ್ಟದ್ದರ ನಕಲು, ಪಹಣಿ, ಅಡವಿನ ಚೀಟಿ, 2016ರ ಸ್ಟೇಟ್‌ಮೆಂಟ್ ಸಿಕ್ಕ ಮೇಲೆ ಇನ್ನೊಮ್ಮೆ ಬರೆಯಿರಿ.